ಮುಟ್ಟದೆ ಅಳೆದವರು

ಅವರ ಎದುರು 'ಸುಮಾರು' ಅನ್ನುವ ಮಾತನ್ನು ಆಡುವ ಹಾಗಿರಲಿಲ್ಲ. ನಾನು ಕೆಲಸಕ್ಕೆ ಸೇರಲು ಗುಂಡ್ಲುಪೇಟೆಯಲ್ಲಿ ಬಸ್ಸಿಳಿದ ದಿನ ಅವರೇ ನನ್ನನ್ನು ಕರೆದೊಯ್ಯಲು ಬಂದಿದ್ದರು. ಅಷ್ಟರಲ್ಲಿ ಯಾರೋ ಪರಸ್ಥಳದವರು ಅವರನ್ನು, "ಹಂಗಳ ಇಲ್ಲಿಂದ ಸುಮಾರು ಎಷ್ಟು ದೂರ ಆಗುತ್ತೆ ಸ್ವಾಮಿ?" ಎಂದು ಕೇಳಿದರು. "ನಿಮಗೆ ಸುಮಾರಾಗಿ ಹಂಗಳಕ್ಕೆ ಹೋಗಬೇಕೋ, ಹಂಗಳಕ್ಕೇ ಹೋಗಬೇಕೋ?" ಎಂದರು ಇವರು. ತಮಾಷೆಗಲ್ಲ, ನಿಜವಾಗಿಯೂ ಕೇಳಿದ್ದು. ಆ ಮನುಷ್ಯ ಕಕ್ಕಾಬಿಕ್ಕಿಯಾಗಿ ಪಕ್ಕದ ಬೀಡಿ ಅಂಗಡಿಯವನ ಹತ್ತಿರ ಹೋಗಿ ಕೇಳಿಕೊಂಡರು. ಇಂಥವರ ಕೈಕೆಳಗೆ ದುಡಿಯಬೇಕಲ್ಲಪ್ಪ ಎಂದುಕೊಂಡೆ.

ಇದು ಐವತ್ತರ ದಶಕದ ಮಾತು. ಗುಂಡ್ಲುಪೇಟೆಯಿಂದ ಹಂಗಳದ ಕಡೆ ಹೋಗುವ ರಸ್ತೆಯ ಬದಿಯಲ್ಲಿ ಆಗ ಬೇಸಾಯದ ಪ್ರಯೋಗಕ್ಕೆಂದು ಇಟ್ಟುಕೊಂಡ ಒಂದು ಸಣ್ಣ ಜಮೀನಿತ್ತು. ಜೋಳ, ರಾಗಿ, ಅರಿಶಿನ ಯಾವ ಗೊಬ್ಬರಕ್ಕೆ ಎಷ್ಟು ಬೆಳೆಯುತ್ತವೆ, ಯಾವ ತಿಂಗಳಲ್ಲಿ ಬೆಳೆಯುತ್ತವೆ ಎಂದು ಅಳೆದು ಮೇಲಿನವರಿಗೆ ತಿಳಿಸುವುದು ಅಲ್ಲಿನ ಕೆಲಸ. ಅವರು ಅದರ ಮುಖ್ಯಸ್ಥರು, ನಾನು ಸಹಾಯಕ. ವಾಸಕ್ಕೆ ಒಂದೇ ಗೋಡೆ ಹಂಚಿಕೊಂಡ ಎರಡು ಮನೆಗಳು. ಆ ಕಡೆ ಅವರು, ಅವರ ಹೆಂಡತಿ, ಒಬ್ಬಳೇ ಮಗಳು ಗಿರಿಜ. ಈ ಕಡೆ ಇನ್ನೂ ಮದುವೆಯಾಗದ ನಾನು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರು ತೀರಿಕೊಂಡ ಮೇಲೆ ಗಿರಿಜ ಒಂದು ಮರದ ಕೋಲು ಹಿಡಿದುಕೊಂಡು ಮೈಸೂರಿನ ನಮ್ಮ ಮನೆಗೆ ಬಂದಿದ್ದಳು. ಅವಳು ಬಂದುಹೋದಾಗಿನಿಂದ ನನ್ನ ಮನಸ್ಸು ನೆಟ್ಟಗಿಲ್ಲ.

ನೋಡಲು ಸಾಧಾರಣ ಮನುಷ್ಯ. ತೆಳ್ಳಗೆ, ಕಪ್ಪಗೆ, ಮಂಡಿಯವರೆಗಿನ ಖಾಕಿ ಚಡ್ಡಿ, ಬಿಸಿಲಿಗೆ ಬಣ್ಣ ಹೋದ ಟೊಪ್ಪಿ. ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿನಲ್ಲಿ ಇವರು ಉಕ್ಕಿನ ಸ್ಕೇಲು ಇಟ್ಟುಕೊಳ್ಳುತ್ತಿದ್ದರು. ಅದರ ಮೂಲೆ ಕುಕ್ಕಿ ಕುಕ್ಕಿ ಅಂಗಿಗಳ ಜೇಬುಗಳೆಲ್ಲ ತೂತಾಗಿದ್ದವು. ಅವರ ಹೆಂಡತಿ ಹಂಗಳದ ಒಕ್ಕಲು ಮನೆತನದವರು, ನಾನು ಅಕ್ಕ ಎನ್ನುತ್ತಿದ್ದೆ. "ನಿಮ್ ಸಾಹೇಬ್ರಿಗ ತಗಡಿನ್ ಜೇಬು ಮಾಡಿಸ್ಬೇಕು ಕಣಪ್ಪ" ಎಂದು ಅಕ್ಕ ಜಗಲಿಯ ಮೇಲೆ ಕೂತು ತೇಪೆ ಹಾಕುತ್ತ ನಗುತ್ತಿದ್ದರು. ಅವರು ಒಳಗಿನಿಂದಲೇ, "ಹೊಲಿಗೆ ಹತ್ತಿರ ಹತ್ತಿರ ಹಾಕು" ಎನ್ನುತ್ತಿದ್ದರು.

ಆದರೆ ಕೈ ಮಾತ್ರ ಬಹಳ ಮೃದು. ಗಿಡದ ಎಲೆ ಅಳೆಯುವುದನ್ನು ನನಗೆ ಕಲಿಸಿದವರು ಅವರೇ. ಜೋಳದ ಎಲೆ ಬಾಗಿರುತ್ತದಲ್ಲ, ಅದನ್ನು ಬುಡದಿಂದ ತುದಿಯವರೆಗೆ ಎರಡು ಬೆರಳ ನಡುವೆ ನೇವರಿಸಿ ನೇರ ಮಾಡಿ, ಆಮೇಲೆ ಸ್ಕೇಲು ಇಡಬೇಕು. ನಾನು ಒರಟಾಗಿ ಹಿಡಿದರೆ, "ಹಿಂಡಬೇಡಿ, ನಾಡಿ ನೋಡೋ ಹಾಗೆ ಹಿಡೀರಿ" ಎನ್ನುತ್ತಿದ್ದರು. ಕಿತ್ತ ಎಲೆಯನ್ನು ಚೌಕುಳಿ ಕಾಗದದ ಮೇಲೆ ಹರಡಿ, ಸುತ್ತ ಪೆನ್ಸಿಲಿನಿಂದ ಗೀಟು ಎಳೆದು, ಎಷ್ಟು ಚೌಕ ತುಂಬಿತು ಎಂದು ಎಣಿಸುವಾಗ ಅವರ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಇರುತ್ತಿತ್ತು. ಅರ್ಧ ತುಂಬಿದ ಚೌಕವನ್ನು ಲೆಕ್ಕಕ್ಕೆ ಸೇರಿಸಬೇಕೋ ಬಿಡಬೇಕೋ ಎಂಬುದರ ಮೇಲೆ ನಾವಿಬ್ಬರೂ ಒಂದು ಮಧ್ಯಾಹ್ನವೆಲ್ಲ ಜಗಳವಾಡಿ ಊಟ ತಣ್ಣಗೆ ಮಾಡಿಕೊಂಡದ್ದುಂಟು.

ಹವೆಯ ಶಾಖ ಅಳೆಯಲು ಜಮೀನಿನ ಮಧ್ಯೆ ಒಂದು ಬಿಳಿಯ ಜಾಲರಿ ಪೆಟ್ಟಿಗೆಯನ್ನು ಕಂಬಗಳ ಮೇಲೆ ನಿಲ್ಲಿಸಿದ್ದೆವು. ದಿನವೂ ಬೆಳಿಗ್ಗೆ ಅದರ ಬಾಗಿಲು ತೆರೆದು ಒಳಗೆ ಬಗ್ಗಿ ನೋಡುವುದನ್ನು ಕಳೆ ಕೀಳಲು ಬರುವ ಹೆಂಗಸರು ಕಂಡು, ಒಳಗೆ ದೇವರಿದೆ ಎಂದುಕೊಂಡು, ಒಂದು ಸೋಮವಾರ ಕುಂಕುಮ ಇಟ್ಟು ಕಣಗಿಲೆ ಹೂವಿನ ಹಾರ ಹಾಕಿಬಿಟ್ಟರು. ನಾನು ನಕ್ಕೆ. ಅವರು ನಗಲಿಲ್ಲ, ಬಯ್ಯಲೂ ಇಲ್ಲ. ಹಾರವನ್ನು ಮೆಲ್ಲಗೆ ತೆಗೆದು ಕಂಬದ ಬುಡಕ್ಕೆ ಕಟ್ಟಿ, "ಇಲ್ಲಿ ಹಾಕಿ ತಾಯಿ, ಮೇಲೆ ಹಾಕಿದ್ರೆ ಗಾಳಿ ಆಡಲ್ಲ" ಎಂದರು. ಆಮೇಲೆ ಪ್ರತಿ ಸೋಮವಾರವೂ ಕಂಬಕ್ಕೆ ಪೂಜೆ ನಡೆಯಿತು.

ಮೈಸೂರಿನಿಂದ ಒಂದು ಹೊಸ ಉಪಕರಣ ಬರುತ್ತದೆಂದು ತಿಳಿದಾಗ ನಾವಿಬ್ಬರೂ ಚಾಮರಾಜನಗರದ ರೈಲ್ವೆ ಸ್ಟೇಷನ್ನಿಗೆ ಹೋಗಿ ಇಳಿಸಿಕೊಂಡೆವು. ಹುಲ್ಲು ತುಂಬಿದ ಮರದ ಪೆಟ್ಟಿಗೆ. ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರು ಅದನ್ನು ಅರಿಶಿನದ ಮೂಟೆಗಳ ಜೊತೆ ಮೇಲೆ ಹಾಕುತ್ತೇನೆಂದ. ಇವರು ಬಿಡಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು, ಹಳ್ಳ ಬಂದಾಗಲೆಲ್ಲ ಎರಡೂ ಕೈಯಿಂದ ಎತ್ತಿ ಹಿಡಿದುಕೊಂಡು ಕೂತರು. "ಮಗೀನ್ ಇಟ್ಕಂಡಂಗ್ ಇಟ್ಕಂಡಿರಲ್ಲ ಸಾಮಿ, ಏನದು?" ಎಂದ ಕಂಡಕ್ಟರು. "ಬೆಳೆಯೋದನ್ನ ತೋರಿಸೋ ಯಂತ್ರ" ಎಂದರು. ಬಸ್ಸಿನಲ್ಲಿದ್ದವರೆಲ್ಲ ಒಮ್ಮೆ ತಿರುಗಿ ನೋಡಿದರು.

ಆ ಯಂತ್ರ ನಿಜವಾಗಿಯೂ ಅದನ್ನೇ ಮಾಡುತ್ತಿತ್ತು. ಗಿಡದ ತುದಿಗೆ ಒಂದು ನೂಲು ಕಟ್ಟಿ, ನೂಲನ್ನು ಪುಟ್ಟ ರಾಟೆಯ ಮೇಲೆ ಹಾಯಿಸಿ, ಇನ್ನೊಂದು ಕೊನೆಗೆ ಸಣ್ಣ ತೂಕ ಇಳಿಬಿಡುವುದು. ಗಿಡ ಎಳ್ಳಷ್ಟು ಮೇಲೆದ್ದರೂ ರಾಟೆ ತಿರುಗಿ, ಅದಕ್ಕೆ ಜೋಡಿಸಿದ ಉದ್ದನೆಯ ಮುಳ್ಳು ಕಮಾನಿನ ಗೆರೆಗಳ ಮೇಲೆ ಸರಿಯುತ್ತಿತ್ತು. ಅವರು ಮೊದಲು ಕರೆದು ತೋರಿಸಿದ್ದು ಗಿರಿಜಳಿಗೆ. ಹುಡುಗಿ ಉಸಿರು ಬಿಗಿಹಿಡಿದು ನೋಡಿದಳು. ಮುಳ್ಳು ಒಂದು ಗೆರೆ ದಾಟಿದ್ದನ್ನು ಕಂಡಾಗ, "ಅಪ್ಪ, ನಂಗೂ ದಾರ ಕಟ್ಟು" ಎಂದಳು.

ಅವರು ಅವಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಎತ್ತಿಕೊಳ್ಳುವ ವಯಸ್ಸು ಅವಳಿಗೆ ದಾಟಿತ್ತು, ಆದರೆ ಎತ್ತಿಕೊಳ್ಳಬಹುದಾದಷ್ಟೇ ಇದ್ದಳು. ಅದೇ ಆ ಮನೆಯ ಚಿಂತೆ. ನಾನು ಬರುವ ಮುಂಚೆ ಅವಳಿಗೆ ವಿಷಮಶೀತ ಜ್ವರ ಬಂದು ಬದುಕಿದ್ದೇ ಹೆಚ್ಚು ಎನ್ನುವಂತಾಗಿತ್ತಂತೆ. ಅಲ್ಲಿಂದ ಮುಂದೆ ಹುಡುಗಿ ಬೆಳೆಯಲಿಲ್ಲ. ಸ್ಕೂಲಿನಲ್ಲಿ ಅವಳಿಗಿಂತ ಚಿಕ್ಕ ತರಗತಿಯ ಮಕ್ಕಳು ಅವಳನ್ನು ಗಿಡ್ಡಿ ಎಂದು ಕರೆಯುತ್ತಿದ್ದರು. ಚಾಮರಾಜನಗರದ ವೈದ್ಯರೊಬ್ಬರಿಗೆ ತೋರಿಸಿದಾಗ ಅವರು, "ಏನೂ ತೊಂದರೆ ಇಲ್ಲ, ಸುಮಾರು ಒಂದೆರಡು ವರ್ಷದಲ್ಲಿ ತಾನೇ ಬೆಳೀತಾಳೆ, ಕಾಯಿರಿ" ಎಂದರಂತೆ. ಆ ಮಾತನ್ನು ಇವರು ನನಗೆ ಹೇಳಿದ್ದು ಸಿಟ್ಟಿನಿಂದ. "ಸುಮಾರು ಅಂತಾರಲ್ರೀ, ಅವರೂ ಒಬ್ಬ ಡಾಕ್ಟ್ರಾ?" ಎಂದರು. ವೈದ್ಯರ ಮಾತು ಅವರ ಪಾಲಿಗೆ ಅಲ್ಲಿಗೇ ಬಿದ್ದುಹೋಯಿತು.

ಪ್ರತಿ ಸೋಮವಾರ ಬೆಳಿಗ್ಗೆ, ಸ್ನಾನ ಆದಮೇಲೆ, ಗಿರಿಜಳ ಅಳತೆ. ನಡುಮನೆಯ ಬಾಗಿಲಿನ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಅವರು ಮಂಡಿಯೂರಿ ಅವಳ ಹಿಮ್ಮಡಿಗಳನ್ನು ಹಿಡಿದು ಜೋಡಿಸುವರು, ಭುಜ ಒತ್ತಿ ನೇರ ಮಾಡುವರು, ಗದ್ದ ಹಿಡಿದು ಮುಖ ಎತ್ತುವರು, ತಲೆಯ ಮೇಲೆ ಒಂದು ಪುಸ್ತಕ ಇಟ್ಟು ಅಂಗೈ ಊರಿ ಪೆನ್ಸಿಲಿನಿಂದ ಗೀಟು ಹಾಕುವರು. ಇಷ್ಟೂ ಹೊತ್ತು ಹುಡುಗಿ ಕಣ್ಣು ಮುಚ್ಚಿಕೊಂಡು ನಗುತ್ತಿರುತ್ತಿದ್ದಳು. ಅವಳಿಗೆ ಅಳತೆ ಬೇಕಿರಲಿಲ್ಲ, ಅಪ್ಪನ ಕೈ ಬೇಕಿತ್ತು. ನನಗೆ ಗೋಡೆಯಾಚೆಯಿಂದ, "ಅಪ್ಪ, ಕಚಗುಳಿ" ಎನ್ನುವುದು ಕೇಳುತ್ತಿತ್ತು. ಚೌಕಟ್ಟಿನ ಮೇಲಿನ ಗೀಟುಗಳು ಮಾತ್ರ ಒಂದರ ಮೇಲೊಂದು ಬಿದ್ದು ಒಂದೇ ಕಪ್ಪು ಪಟ್ಟಿಯಾಗಿದ್ದವು.

ಅಕ್ಕನಿಗೆ ಇದು ಸುತರಾಂ ಇಷ್ಟವಿರಲಿಲ್ಲ. "ಬೆಳಿಯೋ ಮಗೀನ ಅಳೀಬ್ಯಾಡಿ ಅಂತ ಎಷ್ಟ್ ಸಲ ಯೋಳನ? ನಮ್ಮೂರ್ಲಿ ಮಲಗಿರ ಮಗೀನ ದಾಟದೂ ಇಲ್ಲ, ಗೀಟ್ ಹಾಕದೂ ಇಲ್ಲ. ಬೆಳವಣ್ಗ ನಿಂತೋಯ್ತದ" ಎನ್ನುತ್ತಿದ್ದರು. ಅವರು ನಕ್ಕು ಸುಮ್ಮನಾಗುತ್ತಿದ್ದರು. ಜಮೀನಿನ ಕೆಲಸಗಾರ ಮಾದಪ್ಪನದೂ ಇದೇ ಮಾತು. ಎಳೆಯ ಸೋರೆಕಾಯಿಗೆ ಬೆರಳು ನೆಟ್ಟಗೆ ಮಾಡಿ ತೋರಿಸಿದರೆ ಕೊಳೆತು ಉದುರುತ್ತದೆಂದು ಅವನು ಬೆರಳು ಮಡಚಿಕೊಂಡೇ ತೋರಿಸುತ್ತಿದ್ದ. ಅವನಿಗೆ ಬೇಸರವಾಗಬಾರದೆಂದು ಸೋರೆಬಳ್ಳಿಯ ಹತ್ತಿರ ಇವರೂ ಬೆರಳು ಮಡಚುತ್ತಿದ್ದರು, ಆಮೇಲೆ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸುತ್ತಿದ್ದರು.

ಆ ವರ್ಷ ಜೋಳದ ಸಾಲುಗಳಲ್ಲಿ ಕೆಲವು ಗಿಡಗಳಿಗೆ ಕೆಂಪು ದಾರ ಕಟ್ಟಿ ಗುರುತು ಮಾಡಿದ್ದೆವು. ದಿನವೂ ಅಳೆಯುವ ಗಿಡಗಳು ಅವು. ಉಳಿದವನ್ನು ಯಾರೂ ಮುಟ್ಟುತ್ತಿರಲಿಲ್ಲ. ತೆನೆ ಹೊರಡುವ ಹೊತ್ತಿಗೆ ಒಂದು ಬೆಳಿಗ್ಗೆ ಬದುವಿನ ಮೇಲೆ ನಿಂತು ನೋಡಿದರೆ ಕೆಂಪು ದಾರದ ಗಿಡಗಳೆಲ್ಲ ಕುಳ್ಳಗಿವೆ. ಒಂದೇ ಮಣ್ಣು, ಒಂದೇ ಗೊಬ್ಬರ, ಒಂದೇ ಸಾಲು, ಆದರೂ ದಾರ ಕಟ್ಟಿದ ಕಡೆಯೆಲ್ಲ ಹಳ್ಳ ಬಿದ್ದ ಹಾಗೆ ಕಾಣುತ್ತಿತ್ತು. ನಾವು ಹುಳು ಹುಡುಕಿದೆವು, ಬೇರು ಅಗೆದು ನೋಡಿದೆವು, ಏನೂ ಸಿಗಲಿಲ್ಲ.

ಮಾದಪ್ಪ ತಲೆಗೆ ಸುತ್ತಿದ ಟವೆಲು ಬಿಚ್ಚಿ ಮುಖ ಒರೆಸಿಕೊಂಡು, "ಅದೇನ್ ಅಷ್ಟ್ ಹುಡುಕ್ತಿರಿ ಸಾಮಿ. ದಿನಾ ಕಣ್ ಮಡಗಿದ್ರ ಎದ್ದದಾ? ದಿಟ್ಟಿ ಬಿದ್ದದ" ಎಂದ.

ಬೇರೆ ಅಧಿಕಾರಿಯಾಗಿದ್ದರೆ ಗದರಿ ಕಳಿಸುತ್ತಿದ್ದರು. ಇವರು ಆ ಮಾತನ್ನೂ ಅಳೆದೇ ನೋಡಬೇಕು ಎಂದು ಹಟ ಹಿಡಿದರು. ಮುಂದಿನ ಬೆಳೆಯಲ್ಲಿ ಕೆಲವು ಸಾಲುಗಳನ್ನು ಇದಕ್ಕೇ ಬಿಟ್ಟರು. ಒಂದು ಸಾಲನ್ನು ದಿನವೂ ಸ್ಕೇಲು ಹಿಡಿದು ಅಳೆಯುವುದು. ಇನ್ನೊಂದನ್ನು ಅಳೆಯದೆ ಬರೀ ಕೈಯಿಂದ ನೇವರಿಸಿ ಬಿಡುವುದು. ಮತ್ತೊಂದನ್ನು ಮುಟ್ಟದೆ ದೂರ ಕೂತು ನೋಡುವುದು ಮಾತ್ರ. ಬೇರೊಂದು ಸಾಲಿನ ತಂಟೆಗೇ ಹೋಗಬಾರದು. ನೋಡುವ ಕೆಲಸ ಮಾದಪ್ಪನದು. ಅವನ ಕಣ್ಣು ಬಲು ಕೆಟ್ಟದ್ದೆಂದು ಅವನೇ ಹೇಳಿಕೊಳ್ಳುತ್ತಿದ್ದ. ಒಮ್ಮೆ ಚಾಮರಾಜನಗರದಿಂದ ತಪಾಸಣೆಗೆ ಬಂದ ಮೇಲಧಿಕಾರಿ, ಸ್ಟೂಲಿನ ಮೇಲೆ ಕೂತು ಜೋಳವನ್ನು ದುರುಗುಟ್ಟಿ ನೋಡುತ್ತಿದ್ದ ಮಾದಪ್ಪನನ್ನು ಕಂಡು, "ಏನ್ರೀ ಈ ಆಸಾಮಿ ಕೆಲಸ ಬಿಟ್ಟು ಕೂತಿದಾನೆ?" ಎಂದರು. "ನೋಡೋದೇ ಅವನ ಕೆಲಸ ಸಾರ್" ಎಂದರು ಇವರು. ನಾನು ಸಾಲಿನ ಹಿಂದೆ ಅಡಗಿ ನಕ್ಕೆ. ಇದು ನಿಮಗೆ ಒಪ್ಪಿಸಿದ ಕೆಲಸವಲ್ಲ ಎಂದು ಅವರಿಗೆ ಆಮೇಲೆ ಛೀಮಾರಿಯೂ ಬಂತು.

ಬೆಳೆ ಬೆಳೆದು ನಿಂತಾಗ ನೋಡಿದರೆ ಮಾದಪ್ಪ ದಿಟ್ಟಿಸಿದ ಸಾಲು ಆಳೆತ್ತರ ಮೀರಿ ಎದ್ದಿತ್ತು. ಯಾರೂ ತಂಟೆಗೆ ಹೋಗದ ಸಾಲೂ ಹಾಗೇ ಇತ್ತು. ಸ್ಕೇಲು ಇಟ್ಟ ಸಾಲು, ಬರೀ ನೇವರಿಸಿದ ಸಾಲು, ಇವೆರಡೂ ಕುಳ್ಳು. ಅವರು ಆ ಕೊನೆಯಿಂದ ಈ ಕೊನೆಯವರೆಗೆ ಮತ್ತೆ ಮತ್ತೆ ನಡೆದರು. ಅಷ್ಟು ಸಂತೋಷವಾಗಿ ಅವರನ್ನು ನಾನು ಯಾವತ್ತೂ ಕಂಡಿರಲಿಲ್ಲ. "ಕಣ್ಣಿನ ತಪ್ಪಲ್ಲ ಮಾದಪ್ಪ, ಕೈದು. ಮುಟ್ಟಿದ್ದಕ್ಕೇ ಹೀಗಾಗಿದೆ" ಎಂದು ಅವನ ಬೆನ್ನು ತಟ್ಟಿದರು. ಗಿಡವನ್ನು ದಿನವೂ ಮುಟ್ಟಿದರೆ ಅದು ಬೆಳೆಯುವುದನ್ನು ತಗ್ಗಿಸುತ್ತದೆ ಎಂದು ನನಗೂ ಆಗ ಗೊತ್ತಿರಲಿಲ್ಲ, ನಾನು ಓದಿದ ಯಾವ ಪಾಠದಲ್ಲೂ ಅದು ಇರಲಿಲ್ಲ. ನಾವು ಎಷ್ಟು ಕಾಲದಿಂದ ಅಳೆಯುತ್ತ ಅಳೆಯುತ್ತ ಅಳತೆಯನ್ನೇ ಕೆಡಿಸಿದ್ದೆವೋ ಎಂದು ಇಬ್ಬರೂ ತಲೆಯ ಮೇಲೆ ಕೈ ಹೊತ್ತು ಬದುವಿನ ಮೇಲೆ ಕೂತೆವು.

ಕೂತಲ್ಲೇ ಅವರು ಮಾತು ನಿಲ್ಲಿಸಿದರು. ತಮ್ಮ ಬಲಗೈಯನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ನೋಡಿದರು. ಎದ್ದು ಮನೆಗೆ ಹೋದರು. ಅವರಿಗೆ ಆಯಾಸವಾಗಿರಬೇಕು ಎಂದುಕೊಂಡೆ.

ಆ ಸೋಮವಾರ ಗೋಡೆಯಾಚೆ ನಗು ಕೇಳಿಸಲಿಲ್ಲ. ಗಿರಿಜ ಒದ್ದೆ ತಲೆಯಲ್ಲಿ ಚೌಕಟ್ಟಿಗೆ ಒರಗಿ ನಿಂತು, "ಅಪ್ಪ, ಬಾ" ಎಂದು ಕರೆಯುತ್ತಿದ್ದದ್ದು ಕೇಳಿಸಿತು. ಅವರು ಹಿತ್ತಿಲ ಬಾಗಿಲಿನಿಂದ ಜಮೀನಿಗೆ ಹೋಗಿಬಿಟ್ಟಿದ್ದರು. ಹುಡುಗಿ ಸ್ಕೂಲಿಗೆ ಹೊತ್ತಾಗುವವರೆಗೂ ಅಲ್ಲೇ ನಿಂತಿದ್ದಳೆಂದು ಅಕ್ಕ ಹೇಳಿದರು.

ಅಲ್ಲಿಂದಾಚೆಗೆ ಅವರು ಮಗಳನ್ನು ಮುಟ್ಟಲಿಲ್ಲ.

ಅವರು ಗಿಡಗಳನ್ನು ಮುಟ್ಟದೆ ಅಳೆಯಲು ಒಂದು ಉಪಾಯ ಮಾಡಿದ್ದೂ ಆ ದಿನಗಳಲ್ಲೇ. ಗೆರೆ ಕೊರೆದ ಒಂದು ನೆಟ್ಟನೆಯ ಕೋಲು, ಅದರ ಮೇಲೆ ಮೇಲಕ್ಕೂ ಕೆಳಕ್ಕೂ ಜಾರುವ ಒಂದು ಮರದ ತುಂಡು, ತುಂಡಿನ ಈ ಕಡೆ ಸೂಜಿ ಹೋಗುವಷ್ಟು ತೂತು, ಆ ಕಡೆ ಅಡ್ಡಲಾಗಿ ಬಿಗಿದ ಒಂದು ಕೂದಲು. ತುಂಡು ವಾಲದಂತೆ ಗಾರೆಯವರ ರಸಮಟ್ಟದಂಥದ್ದೊಂದು ಪುಟ್ಟ ಕೊಳವೆಯನ್ನೂ ಕೂರಿಸಿದ್ದರು. ದೂರ ನಿಂತು ತೂತಿನಲ್ಲಿ ಕಣ್ಣಿಟ್ಟು, ಕೂದಲು ಗಿಡದ ತುದಿಗೆ ಸರಿಯಾಗಿ ಬರುವ ಹಾಗೆ ತುಂಡನ್ನು ಜಾರಿಸಿದರೆ, ಕೋಲಿನ ಮೇಲಿನ ಗೆರೆಯೇ ಗಿಡದ ಎತ್ತರ. ಕುದುರೆ ಬಾಲದ ಕೂದಲು ದಪ್ಪವಾಯಿತೆಂದು ಗಿರಿಜಳ ಬಾಚಣಿಗೆಯಿಂದ ಒಂದು ಕೂದಲು ತೆಗೆದುಕೊಂಡು ಬಿಗಿದರು. ಅದು ಬಹಳ ಚೆನ್ನಾಗಿ ಕೆಲಸ ಮಾಡಿತು, ನಾನೂ ಮೆಚ್ಚಿದೆ. ಒಂದು ಸಂಜೆ ಬೇಲಿಯ ಮಗ್ಗುಲಲ್ಲಿ ಅವರು ಕೋಲು ನಿಲ್ಲಿಸಿಕೊಂಡು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಎದುರಿಗೆ ಬೆಳೆಯೇ ಇರಲಿಲ್ಲ. ಅಂಗಳದಲ್ಲಿ ಗಿರಿಜ ಒಬ್ಬಳೇ ಕುಂಟಾಬಿಲ್ಲೆ ಆಡುತ್ತಿದ್ದಳು.

ಅಕ್ಕ ನನ್ನ ಮನೆಯ ಬಾಗಿಲಿಗೆ ಬಂದದ್ದು ಅದಾದ ಸ್ವಲ್ಪ ದಿನಕ್ಕೆ. ಕೈಯಲ್ಲಿ ಅನ್ನದ ಬಟ್ಟಲಿತ್ತು, ಆದರೆ ಕೊಡಲು ಮರೆತು ಹಿಡಿದೇ ನಿಂತಿದ್ದರು. "ನೋಡಪ್ಪ, ಅವ್ರು ಮಗೀನ ಮುಟ್ಟದೇ ಬುಟ್ಬುಟ್ಟವ್ರ. ಉಣ್ಣಾಕ ಕೂತಾಗ ಅವ್ಳು ಪಕ್ಕಕ್ ಬಂದ್ರ ಎದ್ದು ಆ ಕಡ ಓಯ್ತರ. ಮೊನ್ನ ಬೇಕಂತ್ಲೇ ಜಗಲಿ ಮ್ಯಾಲಿಂದ ಬಿದ್ಲು, ಎತ್ಕಳ್ಲಿ ಅಂತ. ಅವ್ರು ನನ್ನ ಕೂಗುದ್ರು. ಅಳೀಬ್ಯಾಡಿ ಅಂತ ನಾನಂದಿದ್ದು ಆ ಪೆನ್ಸಿಲ್ ಗೀಟ್ಗ ಕಣಪ್ಪ. ಮುಟ್ಬ್ಯಾಡಿ ಅಂದಿದ್ನಾ? ನೀನಾರ ಒಂದ್ ಮಾತ್ ಯೋಳು" ಎಂದು ಅತ್ತರು.

ನಾನು ಸೀದಾ ಜಮೀನಿನ ಷೆಡ್ಡಿಗೆ ಹೋದೆ. ಅವರು ಬಿಸಿಪೆಟ್ಟಿಗೆಯಲ್ಲಿ ಒಣಗಿಸಿದ ಎಲೆಗಳನ್ನು ಗಾಜಿನ ಗೂಡಿನೊಳಗಿನ ತಕ್ಕಡಿಯಲ್ಲಿ ತೂಗುತ್ತಿದ್ದರು. ಮಾತು ಸುತ್ತಿಬಳಸಲು ನನಗೆ ಬರುವುದಿಲ್ಲ. "ಸಾರ್, ಜೋಳ ಬೇರೆ, ಮಗು ಬೇರೆ" ಎಂದೆ.

ಅವರು ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. "ಬೇರೆ ಅಂತ ನೀವು ನೋಡಿದೀರಾ?" ಎಂದರು.

"ಅದರಲ್ಲಿ ನೋಡೋದೇನು ಸಾರ್? ಎಲ್ಲರೂ ಮಕ್ಕಳನ್ನ ಎತ್ತಿ ಆಡಿಸ್ತಾರೆ. ಎಲ್ಲರ ಮಕ್ಕಳೂ ಬೆಳೆಯುತ್ತವೆ."

"ಗಟ್ಟಿ ಗಿಡ ತಡಕೊಳ್ಳುತ್ತೆ. ಇವಳು ಜ್ವರದಿಂದ ಎದ್ದವಳು. ಆಮೇಲಿಂದ ವಾರ ವಾರ ಹಿಡಿದು, ಒತ್ತಿ, ತಲೆ ಮೇಲೆ ಕೈ ಊರಿದವನು ನಾನು."

"ಅದರಿಂದಲೇ ಅಂತ ಹ್ಯಾಗೆ ಹೇಳ್ತೀರಿ?"

ಆಗ ಅವರು ನನ್ನ ಕಡೆ ತಿರುಗಿದರು. ಕಣ್ಣು ಕೆಂಪಾಗಿತ್ತು. "ಹೇಳೋಕಾಗಲ್ಲ. ಅದೇ ಕಷ್ಟ. ಗೊತ್ತಾಗಬೇಕು ಅಂದ್ರೆ ಎರಡು ಸಾಲು ಬೇಕು, ಮುಟ್ಟಿದ್ದೊಂದು, ಮುಟ್ಟದ್ದೊಂದು. ನನಗಿರೋದು ಒಂದೇ ಮಗು" ಎಂದರು.

ಹೇಳುವುದನ್ನೆಲ್ಲ ಹೇಳಿದೆ, ಕೂಗಾಡಿದೆ, ಅಕ್ಕನ ಅಳು ವರ್ಣಿಸಿದೆ. ಅವರು ಕೇಳಿಸಿಕೊಂಡರು. ಕೊನೆಗೆ, "ತಕ್ಕಡಿ ಹತ್ತಿರ ಜೋರಾಗಿ ಮಾತಾಡಬೇಡಿ, ಮುಳ್ಳು ಅಲ್ಲಾಡುತ್ತೆ" ಎಂದರು.

ಶ್ರಾವಣದಲ್ಲಿ ಅಕ್ಕನ ಹರಕೆಯೆಂದು ಎಲ್ಲರೂ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದೆವು. ಆಗ ಕಾಲುದಾರಿಯಲ್ಲೇ ಹತ್ತಬೇಕು. ಮಂಜು ಕವಿದು ಕಲ್ಲುಗಳೆಲ್ಲ ಜಾರುತ್ತಿದ್ದವು. ಅಕ್ಕ, ನಾನು ಮುಂದೆ ಹೋಗಿದ್ದೆವು. ಹಿಂತಿರುಗಿ ನೋಡಿದರೆ ಒಂದು ಎತ್ತರದ ಬಂಡೆಯ ಕೆಳಗೆ ಗಿರಿಜ ನಿಂತಿದ್ದಾಳೆ, ಮೇಲೆ ಅವರಿದ್ದಾರೆ. ಹುಡುಗಿ ಕೈ ಚಾಚಿದಳು. ಅವರು ತಮ್ಮ ಕೈಯಲ್ಲಿದ್ದ ಛತ್ರಿಯನ್ನು ತಿರುಗಿಸಿ ಅದರ ಹಿಡಿಯನ್ನು ಅವಳ ಕಡೆ ಚಾಚಿದರು. ಅವಳು ಛತ್ರಿಯನ್ನು ನೋಡಿದಳು, ಅಪ್ಪನ ಮುಖ ನೋಡಿದಳು, ಆಮೇಲೆ ಹಿಡಿ ಹಿಡಿದುಕೊಂಡು ಹತ್ತಿದಳು. ನನಗೆ ಆ ಹೊತ್ತಿನಲ್ಲಿ ಅವರ ಕೆನ್ನೆಗೆ ಬಾರಿಸಬೇಕೆನಿಸಿತು. ನಾಲ್ಕು ಹೆಜ್ಜೆ ಕೆಳಗಿಳಿದು ಅವಳ ಕೈ ಹಿಡಿದುಕೊಂಡೆ. ಕೈ ತಣ್ಣಗಿತ್ತು. ಅವರು ಹಿಂದೆ ಬರುತ್ತಿದ್ದರು, ನಾನು ಅವಳ ಕೈ ಹಿಡಿದಿದ್ದನ್ನು ನೋಡುತ್ತಲೇ ಬರುತ್ತಿದ್ದರು. ಅದು ಹೊಟ್ಟೆಕಿಚ್ಚೋ ಹೆದರಿಕೆಯೋ ನನಗೆ ತಿಳಿಯಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಅವರ ಹಟ ಯಾವತ್ತಾದರೂ ಮುರಿಯುತ್ತಿತ್ತೇನೋ. ಗ್ರಹಚಾರ ನೋಡಿ, ಮಾರನೆಯ ವರ್ಷ ಹುಡುಗಿ ಬೆಳೆಯತೊಡಗಿದಳು. ಒಂದೇ ವರ್ಷದಲ್ಲಿ ಲಂಗಗಳೆಲ್ಲ ಮೊಣಕಾಲಿಗೆ ಬಂದವು. ಅಕ್ಕ ಮಡಿಕೆ ಬಿಚ್ಚಿ ಬಿಚ್ಚಿ ಹೊಲಿದರೂ ಸಾಲಲಿಲ್ಲ. ಆ ವೈದ್ಯರು ಹೇಳಿದ್ದ 'ಸುಮಾರು' ಸರಿಯಾಗಿಯೇ ಇತ್ತು. ನಾನು ಅದನ್ನು ಅವರಿಗೆ ನೆನಪಿಸಿದೆ. ಅವರಿಗೆ ಕೇಳಿಸಲೇ ಇಲ್ಲ. ಅವರಿಗೆ ತಮ್ಮ ಪ್ರಯೋಗದ ಉತ್ತರ ಸಿಕ್ಕಿಹೋಗಿತ್ತು. ಬೇಲಿಯ ಹತ್ತಿರ ಕೋಲು ನಿಲ್ಲಿಸಿ, ಕಣ್ಣಿಟ್ಟು, ತುಂಡನ್ನು ಒಂದಿಷ್ಟು ಮೇಲೆ ಜಾರಿಸಿ, "ನೋಡಿದಿರಾ?" ಎಂದು ನನ್ನ ಕಡೆ ತಿರುಗಿದಾಗ ಅವರ ಮುಖದಲ್ಲಿದ್ದ ಸಂತೋಷವನ್ನು ನೋಡಲಾರದೆ ನಾನು ಅಂಗಳದ ಕಡೆ ತಿರುಗಿದೆ. ಅಂಗಳದಲ್ಲಿ ಗಿರಿಜ ಈಗ ಕುಂಟಾಬಿಲ್ಲೆ ಆಡುತ್ತಿರಲಿಲ್ಲ. ಅಪ್ಪ ಕೋಲು ತಂದನೆಂದರೆ ಒಳಗೆ ಎದ್ದು ಹೋಗುವುದನ್ನು ಕಲಿತಿದ್ದಳು.

ದಶಕ ಮುಗಿಯುವ ಮುಂಚೆ ನನಗೆ ಬೇರೆ ಊರಿಗೆ ವರ್ಗವಾಯಿತು. ಬಸ್ಸಿನವರೆಗೆ ಅವರೇ ಬಂದರು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಅವರ ಕೈ ಬೆಚ್ಚಗಿತ್ತು. ಇಂಥ ಕೈಯನ್ನು ಮನೆಯಲ್ಲಿ ಸುಮ್ಮನೆ ಕಟ್ಟಿಕೊಂಡು ಕೂತಿರುತ್ತಾರಲ್ಲ ಎಂದು ಬಸ್ಸಿನಲ್ಲಿ ಉದ್ದಕ್ಕೂ ಅದೇ ಯೋಚನೆ.

ಆಮೇಲೆ ಸುದ್ದಿಗಳು ಅಲ್ಲಲ್ಲಿ ಸಿಗುತ್ತಿದ್ದವು. ಗಿರಿಜಳ ಮದುವೆಗೆ ನನಗೆ ಹೋಗಲಾಗಲಿಲ್ಲ. ಧಾರೆ ಎರೆಯುವಾಗ ಮಗಳ ಕೈ ಹಿಡಿಯಬೇಕಲ್ಲ, ಇವರು ಮಣಿಕಟ್ಟು ನೋವೆಂದು ಹಿಂದೆ ಸರಿದು ಅಕ್ಕನ ತಮ್ಮನನ್ನು ಕೂರಿಸಿದರೆಂದು ಕೇಳಿದೆ. ಹೆಣ್ಣು ಹದಿನೇಳರಲ್ಲಿತ್ತು, ಇನ್ನೂ ಬೆಳೆಯುವ ವಯಸ್ಸು ಎಂದು ಅವರು ಲೆಕ್ಕ ಹಾಕಿರಬೇಕು. ಅಕ್ಕ ಅದಾದ ಕೆಲವು ವರ್ಷಕ್ಕೆ ತೀರಿಕೊಂಡರು. ಅವರು ನಿವೃತ್ತರಾಗಿ ಚಾಮರಾಜನಗರದಲ್ಲಿ ಒಂದು ಸಣ್ಣ ಮನೆ ಮಾಡಿಕೊಂಡು ಹಿತ್ತಿಲಲ್ಲಿ ಏನೇನೋ ಬೆಳೆಯುತ್ತಿದ್ದರಂತೆ.

ಈಚೆಗೆ ಬಾಗಿಲು ತೆರೆದಾಗ ನಿಂತಿದ್ದವಳನ್ನು ನಾನು ಗುರುತಿಸಲಿಲ್ಲ. ಮೂವತ್ತು ದಾಟಿದ, ಎತ್ತರದ ಹೆಂಗಸು. "ಮಾಮ, ನಾನು ಗಿರಿಜ" ಎಂದಾಗಲೇ ತಿಳಿದದ್ದು. ಅಪ್ಪ ಹೋದರು ಎಂದಳು. ಕೂತು, ನೀರು ಕುಡಿದು, ಬಟ್ಟೆ ಸುತ್ತಿ ತಂದಿದ್ದ ಆ ಕೋಲನ್ನು ಬಿಚ್ಚಿದಳು. ಮರ ಕಪ್ಪಾಗಿತ್ತು, ತುಂಡು ಮಾತ್ರ ಇನ್ನೂ ಸಲೀಸಾಗಿ ಜಾರುತ್ತಿತ್ತು.

"ಇದೇನು ಅಂತ ನಿಮಗೆ ಗೊತ್ತಿರುತ್ತೆ ಅಂತ ಬಂದೆ. ಚಿಕ್ಕವಳಿದ್ದಾಗ ಇದರಲ್ಲಿ ನನ್ನನ್ನ ನೋಡೋರು. ನಾನು ಗಿಡ್ಡಿ ಅಂತ ಅಪ್ಪನಿಗೆ ನಾಚಿಕೆ, ಅದಕ್ಕೇ ಹತ್ತಿರ ಸೇರಿಸಲ್ಲ, ದೂರದಿಂದ ನೋಡ್ತಾರೆ ಅಂತ ತಿಳ್ಕೊಂಡಿದ್ದೆ. ಬೆಳೆದ ಮೇಲೂ ಸೇರಿಸಲಿಲ್ಲ. ಆಗ ಏನು ತಿಳ್ಕೋಬೇಕೋ ಗೊತ್ತಾಗಲಿಲ್ಲ."

ನಾನು ಆ ತುಂಡನ್ನು ಒಮ್ಮೆ ಮೇಲಕ್ಕೆ ಜಾರಿಸಿ ನೋಡಿದೆ.

"ಆಸ್ಪತ್ರೆಯಲ್ಲಿ ಕೊನೇ ದಿನ ನಾನೇ ಅವರ ಕೈ ಹಿಡ್ಕೊಂಡೆ. ಎಳ್ಕೊಳ್ಳೋಕೆ ಅವರಲ್ಲಿ ಶಕ್ತಿ ಇರಲಿಲ್ಲ. ನನ್ನನ್ನ ತಲೆಯಿಂದ ಕಾಲಿನವರೆಗೆ ನೋಡಿದ್ರು. 'ಇನ್ನು ಪರವಾಗಿಲ್ಲ, ನೀನು ಬೆಳೆದಾಯ್ತು' ಅಂದ್ರು. ಜ್ವರದ ಬಡಬಡಿಕೆ ಅಂದ್ಕೊಂಡೆ. ಅದಕ್ಕೇನಾದ್ರೂ ಅರ್ಥ ಇತ್ತಾ ಮಾಮ?"

ನಾನು ಎಲ್ಲವನ್ನೂ ಹೇಳಿದೆ. ಕೆಂಪು ದಾರ, ಮಾದಪ್ಪನ ಸ್ಟೂಲು, ಕುಳ್ಳಾದ ಸಾಲು, ಬದುವಿನ ಮೇಲೆ ಬಿಚ್ಚಿಟ್ಟುಕೊಂಡು ನೋಡಿದ ಕೈ, ತಕ್ಕಡಿಯ ಮುಂದೆ ನಡೆದ ಜಗಳ, ಒಂದೇ ಮಗು ಎಂದ ಮಾತು. ಕೊನೆಗೆ ಅವಳು ಕೋಲಿನ ತುಂಡನ್ನು ಬೆಳಕಿಗೆ ಹಿಡಿದು, "ಈ ಕೂದಲು?" ಎಂದಳು. "ನಿಂದೇ" ಎಂದೆ.

ಅವಳು ಅದನ್ನು ಮುಟ್ಟಲು ಹೋಗಿ, ತುಂಡಾದೀತೆಂದು ಬೆರಳು ಹಿಂದೆ ತೆಗೆದುಕೊಂಡಳು. ಅಳಲಿಲ್ಲ. ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೇಳಿದಳು:

"ನಾನು ಬೆಳೆದು ನಿಂತು ಎಷ್ಟೋ ವರ್ಷ ಆಗಿತ್ತಲ್ಲ ಮಾಮ. ಅದನ್ನ ಅಪ್ಪನಿಗೆ ಯಾರೂ ಹೇಳಲಿಲ್ವಾ?"